ಬೋಲ್ಟಿನ ಮೇಲಿನ ಕೆಂಪು ಗೆರೆ

(ಒಂಬತ್ತನೆಯ ಕಂತು)

"ಆ ಬೋಲ್ಟಿಗೆ ಯಾರೂ ಕೈ ಹಾಕಬೇಡಿ."

ಸ್ಪ್ಯಾನರಕ್ಕ ಇದನ್ನು ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಬಗ್ಗಿ ಕೈ ಚಾಚಿದ್ದ ಗಾಡಿ ಡಾಕ್ಟರು ಬಗ್ಗಿದ ಹಾಗೆಯೇ ನಿಂತುಬಿಟ್ಟರು. ಕೂಗಿದ್ದರೆ ಅವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ತಪಾಸಣೆ ಅಂಗಳದ ಮಧ್ಯದಲ್ಲಿ ಕಾರು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಮೂತಿ ಜಜ್ಜಿಹೋಗಿತ್ತು. ಮುಂದಿನ ಎರಡು ಚಕ್ರಗಳನ್ನೂ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಬುಧವಾರ ಬೆಳಗಿನ ಜಾವ ಬ್ರೇಕ್ ಹಿಡಿಯದೆ ಇಳಿಜಾರಿನಲ್ಲಿ ಹೋಗಿ ಔಷಧಿ ಅಂಗಡಿಯ ಮೆಟ್ಟಿಲಿಗೆ ಗುದ್ದಿ, ಅಲ್ಲಿ ತೂಕಡಿಸುತ್ತ ಕೂತಿದ್ದ ಕಾವಲುಗಾರನ ಕಾಲು ಮುರಿದದ್ದು ಇದೇ ಗಾಡಿ. ಅವಳ ತಮ್ಮನ ಬಾಡಿಗೆ ಕಾರು. ಅದರ ಎರಡೂ ಬ್ರೇಕ್ ಪೈಪುಗಳನ್ನು ಮೂರು ವಾರದ ಹಿಂದೆ ಬದಲಿಸಿದವಳು ಅವಳೇ. ಮನೆಯ ಮುಂದೆ, ತನ್ನ ಕೈಯಾರೆ, ಗ್ಯಾರೇಜು ಕೇಳಿದ್ದರ ಕಾಲು ಭಾಗದ ಖರ್ಚಿನಲ್ಲಿ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. ಅವರ ಕೈಯಲ್ಲಿದ್ದ ಹಲಗೆಯ ಮೇಲೆ ವರದಿ ಆಗಲೇ ತಯಾರಾಗಿತ್ತು. 'ಕಾರಣ: ಮನೆಯಲ್ಲಿ ಮಾಡಿದ ರಿಪೇರಿಯ ದೋಷ.' ಸಹಿಯೊಂದು ಬಾಕಿ.

"ನಾಲ್ಕು ಗಂಟೆಗೆ ಕಚೇರಿ ಮುಚ್ಚುತ್ತೆ," ಎಂದರು ಅವರು. "ನಾನು ಸಹಿ ಹಾಕಿದ್ರೆ ನಿಮ್ಮ ತಮ್ಮನ ಲೈಸೆನ್ಸ್ ರದ್ದು. ಬೋಲ್ಟ್ ಸಡಿಲ ಇದೆ, ಆಯಿಲ್ ಸೋರಿದೆ, ಬಿಗಿದವರು ನೀವು. ಇನ್ನೇನು ನೋಡೋದಿದೆ ಹೇಳಿ."

"ಹತ್ತು ನಿಮಿಷ ಕೊಡಿ ಸರ್."

"ಮೂರೂ ನಲವತ್ತು ಆಗಿದೆ. ಕೊಟ್ಟೆ."

ಗಾಡಿ ಡಾಕ್ಟರು ನೆಟ್ಟಗಾದರು. ಊರಿನ ದೊಡ್ಡ ಗ್ಯಾರೇಜು ಅವರದು. ಬಿಳಿ ಕೋಟು ಹಾಕಿಕೊಂಡೇ ಬಾನೆಟ್ ಎತ್ತುತ್ತಾರೆ, ಎಂಜಿನ್ನಿಗೆ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚುತ್ತಾರೆ. ಆ ಹೆಸರು ಅದರಿಂದಲೇ ಬಂದದ್ದು. ಇಲಾಖೆಯವರು ಅಭಿಪ್ರಾಯ ಕೇಳಿದಾಗ ಆ ಒಂದು ಸಾಲನ್ನು ಬರೆದುಕೊಟ್ಟವರೂ ಅವರೇ.

"ಭಾನುವಾರ ಭಾನುವಾರ ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಎಂಜಿನ್ ಆಯಿಲ್ ಬದಲಿಸೋದು, ಫಿಲ್ಟರ್ ಹಾಕೋದು ಹೇಳಿಕೊಡ್ತಾರಂತೆ," ಎಂದರು ಡಾಕ್ಟರು, ಇನ್‌ಸ್ಪೆಕ್ಟರ ಕಡೆ ತಿರುಗಿ. "ಆಯಿಲ್, ಫಿಲ್ಟರ್ ಸರಿ. ಆದ್ರೆ ಬ್ರೇಕ್ ಅಂದ್ರೆ ರವಿಕೆ ಗುಂಡಿ ಅಲ್ಲ ನೋಡಿ."

"ಗುಂಡಿ ಸರಿಯಾಗಿ ಹೊಲಿಯೋದೂ ಎಲ್ಲರ ಕೈಲಿ ಆಗಲ್ಲ ಡಾಕ್ಟ್ರೇ. ನಿಮ್ಮ ಕೋಟಿಂದು ಎರಡನೇದು ನೇತಾಡ್ತಿದೆ," ಎಂದಳು ಅವಳು.

ಡಾಕ್ಟರ ಕೈ ತಾನಾಗಿಯೇ ಎದೆಗೆ ಹೋಯಿತು. ಇನ್‌ಸ್ಪೆಕ್ಟರ್ ಮೀಸೆಯೊಳಗೆ ನಕ್ಕರೋ ಏನೋ.

ತಮ್ಮ ಮಾತ್ರ ನಗಲಿಲ್ಲ. ಬೀದಿಯವರೆಲ್ಲ ಅವನನ್ನು ಏಣಿ ಎನ್ನುತ್ತಾರೆ. ಯಾರ ಮನೆಯ ಬಲ್ಬು ಹೋದರೂ ಸ್ಟೂಲು ಹುಡುಕುವುದಿಲ್ಲ, ಅವನನ್ನು ಕರೆಯುತ್ತಾರೆ. ಅಷ್ಟು ಎತ್ತರದ ಹುಡುಗ ಇವತ್ತು ಜೇಬಿನಲ್ಲಿ ಕೈ ಇಟ್ಟುಕೊಂಡು, ಮಡಿಸಿಟ್ಟ ಹಾಗೆ, ಗೋಡೆಯ ಪಕ್ಕ ನಿಂತಿದ್ದ. ಎರಡು ದಿನದಿಂದ ಅವನ ಹೊಟ್ಟೆಗೆ ಸರಿಯಾಗಿ ಏನೂ ಹೋಗಿಲ್ಲ ಎನ್ನುವುದು ಅಕ್ಕನಿಗೆ ಅವನ ಕತ್ತು ನೋಡಿದರೇ ಗೊತ್ತಾಗುತ್ತಿತ್ತು.

ಅಮ್ಮ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅವಳಿಗೆ ಹದಿನೆಂಟು. ಅವನ ಶಾಲೆಯ ಚಡ್ಡಿಯಿಂದ ಹಿಡಿದು ಡ್ರೈವರಿನ ಅಂಗಿಯವರೆಗೆ ಎಲ್ಲವನ್ನೂ ಹೊಲಿದವಳು ಅವಳೇ. ಆ ಲೈಸೆನ್ಸು ಅವನ ಕೈಗೆ ಬಂದ ದಿನ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದ.

"ಮೊದಲು ಎಲ್ಲಿಂದ ಸೋರುತ್ತೆ ನೋಡೋಣ," ಎಂದು ಇನ್‌ಸ್ಪೆಕ್ಟರ್ ಕಾರಿನ ಬಾಗಿಲಿಗೆ ಅಂಟಿಸಿದ್ದ ಸೀಲಿನ ಕಾಗದವನ್ನು ಹರಿದರು. ಬುಧವಾರ ಕಾರನ್ನು ಎತ್ತಿ ತಂದಾಗ ಹಾಕಿದ ಸೀಲು. "ಯಾರಾದ್ರೂ ಒಳಗೆ ಕೂತು ಬ್ರೇಕ್ ಒತ್ತಿ."

ಏಣಿ ಒಂದು ಹೆಜ್ಜೆ ಮುಂದೆ ಬಂದ.

"ನೀನು ಇರು. ನಾನು ಒತ್ತುತ್ತೀನಿ," ಎಂದು ಅಕ್ಕ ಸರಕ್ಕನೆ ಡ್ರೈವರ್ ಸೀಟಿಗೆ ಜಾರಿಕೊಂಡಳು. ಮೂರು ವಾರದ ಹಿಂದೆ ತಾನು ಗಟ್ಟಿ ಮಾಡಿಕೊಟ್ಟ ಪೆಡಲ್ ಮೇಲೆ ಕಾಲಿಟ್ಟು ಒತ್ತಿದಳು.

ಪೆಡಲ್ ಬೆಣ್ಣೆಗೆ ಬೆರಳಿಟ್ಟ ಹಾಗೆ ನೆಲಕ್ಕೆ ಹೋಯಿತು.

"ಸೋರ್ತಿದೆ," ಎಂದರು ಡಾಕ್ಟರು ಕೆಳಗಿನಿಂದ. "ಎಡಗಡೆ. ಪೈಪಿನ ಬೋಲ್ಟಿನಿಂದ."

ಅವಳು ಇಳಿದು ಬಂದು ಮೊಣಕಾಲೂರಿದಳು. ಎಡ ಚಕ್ರ ಬಿಚ್ಚಿದ ಜಾಗದ ಹಿಂದೆ, ಪೈಪು ಬಂದು ಸೇರುವ ಕಡೆ, ಉಗುರಿನಷ್ಟು ದೊಡ್ಡ ತಲೆಯ ಬೋಲ್ಟು. ಅದರ ಬುಡದಿಂದ ಬ್ರೇಕ್ ಆಯಿಲ್ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಅಡುಗೆಮನೆಯ ನಲ್ಲಿ ಎರಡು ತಿಂಗಳಿಂದ ಹೀಗೇ ಹನಿಯುತ್ತಿದೆ, ಒಂದು ವಾಷರ್ ತಂದು ಹಾಕಬೇಕು ಹಾಕಬೇಕು ಎಂದುಕೊಂಡು ಬಿಟ್ಟೇಬಿಟ್ಟೆನಲ್ಲ ಎಂದು ಯಾಕೋ ನೆನಪಾಯಿತು. ಇಂಥ ಹೊತ್ತಿನಲ್ಲೇ ಇಂಥದು ನೆನಪಾಗುವುದು.

"ಸರ್, ಮೊದಲು ಬಲಗಡೆ ನೋಡಿ," ಎಂದಳು.

ಬಲಗಡೆಯ ಬೋಲ್ಟಿನ ಮೇಲೆ ಒಂದು ಕೆಂಪು ಗೆರೆ ಇತ್ತು. ಬೋಲ್ಟಿನ ತಲೆಯ ಮೇಲೆ ಶುರುವಾಗಿ, ಅಂಚು ದಾಟಿ, ಕೆಳಗಿನ ಕಬ್ಬಿಣದ ಮೇಲೆ ಬೆರಳಗಲ ಹರಿದು ನಿಂತಿತ್ತು. ನೆಟ್ಟಗೆ, ಒಂದೇ ಗೆರೆ.

"ಏನಿದು, ಬಣ್ಣ?"

"ನೈಲ್ ಪಾಲಿಶ್."

ಡಾಕ್ಟರು ಮೂಗು ಮುರಿದರು. "ಬೋಲ್ಟಿಗೂ ಅಲಂಕಾರ."

"ನಾನು ಹೊಲಿಗೆಯವಳು ಸರ್," ಎಂದಳು ಅವಳು, ಡಾಕ್ಟರ ಕಡೆ ನೋಡದೆ. "ಗುರುತು ಹಾಕದೆ ಬಟ್ಟೆಗೆ ಕತ್ತರಿ ಇಟ್ಟವಳಲ್ಲ. ಗಾಡಿ ಕೆಲಸಕ್ಕೂ ಅದೇ ಅಭ್ಯಾಸ ಬಂದುಬಿಟ್ಟಿದೆ. ಬೋಲ್ಟ್ ಪೂರ್ತಿ ಬಿಗಿದ ಮೇಲೆ, ತಲೆಯಿಂದ ಕೆಳಗಿನವರೆಗೆ ಒಂದು ಗೆರೆ ಎಳೀತೀನಿ. ಗೆರೆ ಇದ್ರೆ ಬಿಗಿದಾಯ್ತು ಅಂತ. ಬಿಗಿಯದೆ ಗೆರೆ ಎಳೆಯಲ್ಲ. ನಮ್ಮ ಭಾನುವಾರದ ಹೆಂಗಸರನ್ನ ಯಾರನ್ನ ಬೇಕಾದ್ರೂ ಕೇಳಿ, ಇದೊಂದಕ್ಕೇ ನನ್ನನ್ನ ಆಡಿಕೊಳ್ತಾರೆ."

"ಎಡಗಡೆಯೂ ಎಳೆದಿದ್ರಾ?"

"ನೋಡಿ."

ಇನ್‌ಸ್ಪೆಕ್ಟರ್ ಟಾರ್ಚು ಹಾಕಿದರು. ಎಡಗಡೆಯೂ ಗೆರೆ ಇತ್ತು. ಆದರೆ ಎರಡು ತುಂಡಾಗಿತ್ತು. ಕೆಳಗಿನ ಕಬ್ಬಿಣದ ಮೇಲಿನ ತುಂಡು ಇದ್ದಲ್ಲೇ ಇತ್ತು. ಬೋಲ್ಟಿನ ತಲೆಯ ಮೇಲಿನ ತುಂಡು ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿದ ಹಾಗೆ ಕಾಲು ಸುತ್ತು ಪಕ್ಕಕ್ಕೆ ಹೋಗಿತ್ತು.

"ಅಂದ್ರೆ ಬೋಲ್ಟ್ ತಿರುಗಿದೆ."

"ನಾನು ಬಿಗಿದು ಗೆರೆ ಎಳೆದ ಮೇಲೆ ತಿರುಗಿದೆ ಸರ್."

ಡಾಕ್ಟರು ಜೋರಾಗಿಯೇ ನಕ್ಕರು. "ತಿರುಗದೆ ಏನು ಮಾಡುತ್ತೆ? ನೀವು ಸಾಕಷ್ಟು ಬಿಗಿದಿಲ್ಲ. ಮೂರು ವಾರ ರಸ್ತೆ ಗುಂಡಿಯಲ್ಲಿ ಎದ್ದು ಬಿದ್ದು ಓಡಿದೆ, ಅದುರಿ ಅದುರಿ ತಾನಾಗೇ ಸಡಿಲ ಆಗಿದೆ. ಗೆರೆ ಎಳೆದ ಮಾತ್ರಕ್ಕೆ ಬಿಗಿ ಬಂದುಬಿಡುತ್ತಾ? ನಿಮ್ಮ ಗೆರೆ ನನ್ನ ಮಾತಿಗೇ ಸಾಕ್ಷಿ ಹೇಳ್ತಿದೆ ತಾಯಿ."

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಜೇಬಿನಿಂದ ಪೆನ್ನು ಹೊರಗೆ ಬಂತು.

ಸ್ಪ್ಯಾನರಕ್ಕ ಎರಡು ದಿನದಿಂದ ಈ ಒಂದು ಗೆರೆಯನ್ನೇ ನಂಬಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದಳು. ಅದೇ ಗೆರೆ ಈಗ ತಿರುಗಿ ಅವಳನ್ನೇ ನೋಡುತ್ತಿತ್ತು.

"ಬಿಡಕ್ಕ," ಎಂದ ಏಣಿ ಗೋಡೆಯ ಕಡೆಯಿಂದ. "ಸಾಕು. ಲೈಸೆನ್ಸ್ ಹೋದ್ರೆ ಹೋಗಲಿ. ಮನೆಗೆ ಹೋಗೋಣ ಬಾ."

ಅಯ್ಯೋ ಪಾಪ, ಎಷ್ಟು ಸೋತುಹೋಗಿದೆ ಮಗು ಎಂದುಕೊಂಡಳು ಅವಳು. ಆ ಸೋಲೇ ಅವಳಿಗೆ ಛಲ ತಂದಿತು.

ಅಂಗಡಿಗೆ ಬಟ್ಟೆ ವಾಪಸ್ ತರುವವರು ನೆನಪಾದರು. 'ನಿಮ್ಮ ಹೊಲಿಗೆ ಬಿಚ್ಚಿಕೊಂಡಿತು ನೋಡಿ' ಎಂದು ಜಗಳಕ್ಕೆ ಬರುತ್ತಾರೆ. ಅವಳು ನೂಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಸವೆದು ಬಿಚ್ಚಿದ ನೂಲಿನ ತುದಿ ಹಿಂಜಿಕೊಂಡಿರುತ್ತದೆ. ಬ್ಲೇಡು ಹಾಕಿ ಬಿಚ್ಚಿದ್ದು ಕತ್ತರಿಸಿದ ಹಾಗೆ ಇರುತ್ತದೆ. ಇಪ್ಪತ್ತು ವರ್ಷದಲ್ಲಿ ಇದರಲ್ಲಿ ಒಮ್ಮೆಯೂ ಮೋಸ ಹೋದವಳಲ್ಲ.

ತಾನಾಗಿ ಬಿಚ್ಚಿಕೊಂಡದ್ದೋ, ಯಾರಾದರೂ ಬಿಚ್ಚಿದ್ದೋ? ಬಿಚ್ಚಿದ್ದಾದರೆ ಬ್ಲೇಡಿನ ಗುರುತು ಇರಲೇಬೇಕು.

ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡಿರುವ ಭೂತಗನ್ನಡಿಯನ್ನು ಕನ್ನಡಕದ ಡಬ್ಬಿಯಿಂದ ತೆಗೆದಳು. ಎರಡು ಮೊಣಕೈಗಳನ್ನೂ ಸಿಮೆಂಟಿನ ಮೇಲೆ ಊರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದಳು.

"ನಾಲ್ಕಕ್ಕೆ ಎಂಟು ನಿಮಿಷ," ಎಂದರು ಇನ್‌ಸ್ಪೆಕ್ಟರ್.

ಬೋಲ್ಟಿನ ತಲೆಗೆ ಆರು ಮೂಲೆ. ಒಂದು, ಎರಡು, ಮೂರು. ಮೂರನೆಯ ಮೂಲೆಯ ಮೇಲೆ ಅವಳ ಕೆಂಪು ಗೆರೆ ಹಾದುಹೋಗಿತ್ತು. ಅಲ್ಲಿ ಭೂತಗನ್ನಡಿ ನಿಂತಿತು.

"ಡಾಕ್ಟ್ರೇ, ಇಲ್ಲಿ ಬನ್ನಿ."

"ನನಗೆ ಕಣ್ಣು ಚೆನ್ನಾಗಿ ಕಾಣಿಸುತ್ತೆ."

"ಹಾಗಾದ್ರೆ ಇನ್ನೂ ಒಳ್ಳೇದು. ಬನ್ನಿ."

ಡಾಕ್ಟರು ಬಿಳಿ ಕೋಟಿನ ಆಸೆ ಬಿಟ್ಟು ನೆಲಕ್ಕೆ ಮಲಗಿದರು. ಭೂತಗನ್ನಡಿ ಕಿತ್ತುಕೊಂಡ ಹಾಗೆ ತೆಗೆದುಕೊಂಡರು. ನೋಡಿದರು. ಇನ್ನೂ ಹತ್ತಿರಕ್ಕೆ ಹಿಡಿದು ಮತ್ತೆ ನೋಡಿದರು.

"ಏನಿದೆ?" ಎಂದರು ಇನ್‌ಸ್ಪೆಕ್ಟರ್.

ಉತ್ತರ ಅವಳೇ ಕೊಟ್ಟಳು. "ಗೀರು ಸರ್. ಪಕ್ಕಪಕ್ಕದಲ್ಲಿ ಎರಡು ಗೀರು, ರೈಲು ಹಳಿಯ ಹಾಗೆ. ಒಳಗಿನ ಲೋಹ ಹೊಳೀತಿದೆ, ಇನ್ನೂ ತುಕ್ಕು ಹಿಡಿದಿಲ್ಲ. ಗೀರು ಎಲ್ಲಿದೆ ನೋಡಿ. ನನ್ನ ನೈಲ್ ಪಾಲಿಶ್ ಮೇಲೆ. ಪಾಲಿಶನ್ನ ಕೆತ್ತಿಕೊಂಡು ಹೋಗಿದೆ. ಗೀರು ಮೊದಲು ಇದ್ದಿದ್ರೆ ಅದರೊಳಗೆ ನನ್ನ ಬಣ್ಣ ಇಳೀಬೇಕಿತ್ತು. ಇಳಿದಿಲ್ಲ. ನಾನು ಗೆರೆ ಎಳೆದ ಮೇಲೆ ಯಾರೋ ಇದಕ್ಕೆ ಸ್ಪ್ಯಾನರ್ ಹಾಕಿದ್ದಾರೆ. ಅದುರಿ ಬಿಚ್ಚಿಕೊಂಡ ಬೋಲ್ಟಿಗೆ ಗೀರು ಬೀಳುತ್ತಾ ಸರ್?"

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಬಹಳ ಸಣ್ಣ ಸದ್ದು. ಅವಳಿಗೆ ಅದು ಗಂಟೆ ಬಾರಿಸಿದ ಹಾಗೆ ಕೇಳಿಸಿತು.

ಅವಳು ಎದ್ದು ನಿಂತಳು. ಎರಡು ದಿನದ ಸಂಕಟವೆಲ್ಲ ಒಟ್ಟಾಗಿ ನಾಲಿಗೆಗೆ ಬಂತು.

"ನನ್ನ ಕೆಲಸ ಕೆಟ್ಟಿತು ಅಂತ ಆದ್ರೆ ಯಾರಿಗೆ ಲಾಭ ಅನ್ನೋದು ಇಡೀ ಬೀದಿಗೆ ಗೊತ್ತಿದೆ. ನಮ್ಮ ಭಾನುವಾರ ಶುರುವಾದ ಮೇಲೆ ಯಾರ ಅಂಗಳ ಖಾಲಿ ಹೊಡೀತಿದೆ, ಯಾರು ಬಂದು ನನ್ನ ಮೇಲೆ ವರದಿ ಬರೆದುಕೊಟ್ರು..."

"ನಿಲ್ಲಿಸಿ."

ಡಾಕ್ಟರು ಇನ್ನೂ ನೆಲದಿಂದ ಎದ್ದಿರಲಿಲ್ಲ. ಮುಖ ಕೆಂಪಾಗಿತ್ತು. ತಮ್ಮ ಹಿಂದಿದ್ದ ತಗಡಿನ ಪೆಟ್ಟಿಗೆಯನ್ನು ಎಳೆದು ಅವಳ ಮುಂದಿಟ್ಟು ಮುಚ್ಚಳ ತೆರೆದರು.

ಒಳಗೆ ಹಸಿರು ಬಟ್ಟೆಯ ಹಾಸು. ಒಂದೊಂದು ಸಾಮಾನಿಗೂ ಅದರದೇ ಆಕಾರದ ಗೂಡು. ರಿಂಗ್ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ, ತೊಟ್ಟಿಲಲ್ಲಿ ಮಲಗಿದ ಮಕ್ಕಳ ಹಾಗೆ ಇದ್ದವು. ಒಂದು ಗೂಡೂ ಖಾಲಿ ಇರಲಿಲ್ಲ.

"ಈ ಗೀರು ಸ್ಕ್ರೂ ಸ್ಪ್ಯಾನರಿಂದು," ಎಂದರು ಅವರು. "ಬಾಯಿ ಹಿಗ್ಗಿಸಿ ಕುಗ್ಗಿಸಿ ಎಲ್ಲದಕ್ಕೂ ಹಾಕ್ತಾರಲ್ಲ, ಅದು. ಅದರ ಬಾಯಂಚು ಒಂದು ಕಡೆ ಮುರಿದಿದೆ, ಅದಕ್ಕೇ ಎರಡು ಗೀರು. ಅಂಥದ್ದನ್ನ ನಾನು ನನ್ನ ಗ್ಯಾರೇಜಿನ ಹೊಸ್ತಿಲು ದಾಟೋಕೆ ಬಿಟ್ಟವನಲ್ಲ. ಬೋಲ್ಟಿನ ಮೂಲೆ ತಿಂದುಹಾಕುತ್ತೆ ಅದು. ಬೇಕಾದ್ರೆ ಹೋಗಿ ನನ್ನ ಗ್ಯಾರೇಜ್ ಜಾಲಾಡಿ. ಒಂದು ಸಿಕ್ಕಿದ್ರೂ ನಾಳೆಯಿಂದ ನಾನು ಬಾಗಿಲು ಹಾಕ್ತೀನಿ."

ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು. ಕೆಲಸ ಬಲ್ಲವರಿಗೆ ಮಾತ್ರ ಆಗುವ ನೋವು ಅದು. ಅವಳಿಗೆ ಅದು ತಿಳಿಯುತ್ತದೆ. ಮೊಂಡು ಕತ್ತರಿಯಲ್ಲಿ ಬಟ್ಟೆ ಕತ್ತರಿಸುತ್ತೀಯ ಎಂದು ತನಗೆ ಯಾರಾದರೂ ಹೇಳಿದ್ದರೆ ತಾನೂ ಹೀಗೇ ಕೆರಳುತ್ತಿದ್ದಳು.

"ತಪ್ಪಾಯ್ತು ಡಾಕ್ಟ್ರೇ," ಎಂದಳು.

"ಆಯ್ತು," ಎಂದರು ಅವರು. ಸ್ವಲ್ಪ ಹೊತ್ತು ಭೂತಗನ್ನಡಿಯನ್ನು ಅಂಗೈಯಲ್ಲಿ ತಿರುಗಿಸಿದರು. ಹಟಮಾರಿ ಮನುಷ್ಯ, ಆದರೆ ಕಬ್ಬಿಣದ ವಿಷಯದಲ್ಲಿ ಸುಳ್ಳು ಹೇಳುವವರಲ್ಲ. "ಬರ್ಕೊಳ್ಳಿ ಇನ್‌ಸ್ಪೆಕ್ಟ್ರೇ. ಈ ಗೀರು ಬಿಗಿಯೋವಾಗ ಬಿದ್ದಿದ್ದಲ್ಲ. ಬಿಗಿಯೋವಾಗ ಮೂಲೆಯ ಈ ಕಡೆ ಬೀಳಬೇಕು. ಇದು ಆ ಕಡೆ ಬಿದ್ದಿದೆ, ಬಿಚ್ಚೋ ಕಡೆ. ಇನ್ನೊಂದು ಮಾತು. ಮೂಲೆ ಇಷ್ಟು ಕಿತ್ತುಬರಬೇಕು ಅಂದ್ರೆ ಬೋಲ್ಟು ಕಚ್ಚಿಕೊಂಡು ಕೂತಿರಬೇಕು. ಸಡಿಲ ಇದ್ದಿದ್ರೆ ಬೆರಳಲ್ಲೇ ಬರೋದು. ಈಯಮ್ಮ ಚೆನ್ನಾಗೇ ಬಿಗಿದಿದ್ದಾರೆ. ನನ್ನ ಕೈಕೆಳಗಿನವರಿಗಿಂತ ಚೆನ್ನಾಗಿ."

ಕೊನೆಯ ಮಾತು ಅವರಿಗೆ ಹಲ್ಲು ಕಿತ್ತ ಹಾಗಾಗಿರಬೇಕು. ಆದರೂ ಹೇಳಿದರು.

ಇನ್‌ಸ್ಪೆಕ್ಟರ್ ಬೋಲ್ಟಿನ ಫೋಟೋ ತೆಗೆದುಕೊಂಡರು, ಹತ್ತಿರದಿಂದ, ನಾಲ್ಕು ಸಲ. ಆಮೇಲೆ ಹಲಗೆಯ ಮೇಲಿನ ಆ ಒಂದು ಸಾಲಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಹೊಸದಾಗಿ ಬರೆದು ಜೋರಾಗಿ ಓದಿದರು. "ರಿಪೇರಿಯಲ್ಲಿ ದೋಷ ಕಂಡುಬಂದಿಲ್ಲ. ಆಮೇಲೆ ಯಾರೋ ಬೋಲ್ಟನ್ನು ಸಡಿಲಿಸಿದ್ದಾರೆ."

ಸಹಿ ಹಾಕಿದಾಗ ನಾಲ್ಕಕ್ಕೆ ಒಂದು ನಿಮಿಷ.

ಅವರು ಕಡತದಿಂದ ಲೈಸೆನ್ಸ್ ಕಾರ್ಡು ತೆಗೆದು ಏಣಿಯ ಕಡೆ ಚಾಚಿದರು. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಅಕ್ಕ ಅವನ ಬೆನ್ನು ಸವರಿದಳು, ಕೈಗೆ ಎಟುಕುವಷ್ಟು ಎತ್ತರದವರೆಗೆ.

"ಇದು ಅಪಘಾತ ಅಲ್ಲ ಅಂತ ಆಯ್ತು," ಎಂದರು ಇನ್‌ಸ್ಪೆಕ್ಟರ್. "ಬ್ರೇಕ್ ಬಿಚ್ಚಿದವರು ಯಾರೋ, ಅವರ ಮೇಲೆ ಇನ್ನು ಕೇಸು. ಒಬ್ಬ ಮನುಷ್ಯನ ಕಾಲು ಮುರಿದಿದೆ, ಸುಮ್ಮನೆ ಬಿಡೋ ಹಾಗಿಲ್ಲ. ಬಾಯಿ ಮುರಿದ ಆ ಸ್ಪ್ಯಾನರ್ ಸಿಕ್ಕಿದ್ರೆ ಕೈಯೂ ಸಿಗುತ್ತೆ."

"ನಾನೇ ಹುಡುಕಿಕೊಡ್ತೀನಿ ಸರ್," ಎಂದಳು ಸ್ಪ್ಯಾನರಕ್ಕ. "ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೆಯೋಕೆ ಬಂದವರನ್ನ ನಾನು ಬಿಡಲ್ಲ."

ಏಣಿ ಕಾರ್ಡನ್ನು ಜೇಬಿಗಿಟ್ಟುಕೊಂಡು ನೆಲ ನೋಡುತ್ತ ನಿಂತಿದ್ದ.

ಗೇಟಿನವರೆಗೆ ಬಂದ ಮೇಲೆ ಹಿಂದಿನಿಂದ ಡಾಕ್ಟರು ಕರೆದರು. "ಅಮ್ಮಾ, ಆ ನೈಲ್ ಪಾಲಿಶ್... ಒಣಗೋಕೆ ಎಷ್ಟು ಹೊತ್ತು ಬೇಕು?"

"ಐದು ನಿಮಿಷ."

"ಹ್ಞೂಂ." ಅವರು ನೇತಾಡುವ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. "ಭಾನುವಾರ ಎಷ್ಟು ಗಂಟೆಗೆ ಸೇರ್ತೀರಿ? ಸುಮ್ಮನೆ ಕೇಳಿದೆ."

"ಎಂಟಕ್ಕೆ. ಕೋಟು ತನ್ನಿ, ಗುಂಡಿ ಹಾಕಿಕೊಡ್ತೀನಿ."

*

ಸುದ್ದಿ ಅವರಿಗಿಂತ ಮುಂಚೆ ಬೀದಿ ಸೇರಿತ್ತು. ಭಾನುವಾರದ ಹೆಂಗಸರೆಲ್ಲ ಅವಳ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಮೂಲೆಮನೆಯ ನರ್ಸು ತನ್ನ ಹತ್ತೂ ಉಗುರಿಗೆ ಕೆಂಪು ಹಚ್ಚಿಕೊಂಡು ಬಂದಿದ್ದಳು.

"ಇನ್ನು ನಿನ್ನ ನೈಲ್ ಪಾಲಿಶನ್ನ ಆಡಿಕೊಂಡವರ ಬಾಯಿಗೂ ಒಂದು ಗೆರೆ ಎಳೆದುಬಿಡು," ಎಂದಳು ಅವಳು.

"ನಿನ್ನ ಬಾಯಿಂದಲೇ ಶುರು ಮಾಡಬೇಕಾಗುತ್ತೆ," ಎಂದಳು ಇನ್ನೊಬ್ಬಳು. "ಆಡಿಕೊಂಡಿದ್ದು ನೀನೇ ಜಾಸ್ತಿ."

ಎಲ್ಲರೂ ನಕ್ಕರು. ಸ್ಪ್ಯಾನರಕ್ಕನೂ ನಕ್ಕಳು. ಎರಡು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕಳು.

ಅಂಗಡಿಯ ಹಿಂದೆಯೇ ಮನೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಸ್ಪ್ಯಾನರಕ್ಕನ ಗಂಡ ಹಡಗಿನ ಅಡುಗೆಯವನು, ವರ್ಷಕ್ಕೆ ಎರಡು ಸಲ ಮನೆಗೆ ಬರುವವನು. ಹಾಗಾಗಿ ಈ ಮನೆ ಎಂದರೆ ಅತ್ತೆ, ಸೊಸೆ, ಏಣಿ, ಮೂರೇ ಜನ. ಸೊಸೆಗೆ ಸ್ಪ್ಯಾನರ್ ಹಿಡಿಯುವ ಧೈರ್ಯ ಕೊಟ್ಟವರೇ ಅತ್ತೆ. ಭಾನುವಾರ ಕುರ್ಚಿ ಹಾಕಿಕೊಂಡು ಕೂತು ಸಾಮಾನು ಎತ್ತಿಕೊಡುವವರೂ ಅವರೇ. ಬುಧವಾರ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಿದ್ದಾರೆ, ಪಟ್ಟಿ ಸುತ್ತಿದೆ. ಆದರೂ ಎರಡು ದಿನದಿಂದ ಸೊಸೆಯನ್ನು ಅಡುಗೆಮನೆಗೆ ಬಿಟ್ಟಿಲ್ಲ. ನೀನು ಕಚೇರಿ ಕೆಲಸ ನೋಡು ಎಂದು ಒಂದೇ ಕೈಯಲ್ಲಿ ಎಲ್ಲ ನಿಭಾಯಿಸಿದ್ದಾರೆ.

"ಏನಾಯ್ತು ಸರಿಯಾಗಿ ಹೇಳು. ಬೀದಿಯವರು ಹೇಳಿದ್ದು ನನಗೆ ಅರ್ಥ ಆಗಲಿಲ್ಲ."

"ಯಾರೋ ಬೇಕಂತಲೇ ಬೋಲ್ಟ್ ಸಡಿಲ ಮಾಡಿದ್ದಾರೆ ಅತ್ತೆ. ಅದಕ್ಕೇ ಬ್ರೇಕ್ ಹೋಗಿದ್ದು."

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅಂದ್ರೆ ಓಡಿಸಿದವರ ತಪ್ಪು ಏನೂ ಇಲ್ಲ?"

"ಏನೂ ಇಲ್ಲ."

"ಬ್ರೇಕ್ ಒತ್ತಿದ್ರೂ ನಿಲ್ತಿರಲಿಲ್ಲ?"

"ಎಷ್ಟು ಒತ್ತಿದ್ರೂ ನಿಲ್ತಿರಲಿಲ್ಲ ಅತ್ತೆ."

ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಏಣಿಯನ್ನು ಇಷ್ಟು ಹಚ್ಚಿಕೊಂಡಿದ್ದಾರಲ್ಲ ಎಂದು ಸೊಸೆಗೆ ಮನಸ್ಸು ತುಂಬಿಬಂತು. "ಅಳಬೇಡಿ. ಗೆದ್ದು ಬಂದಿದ್ದೀವಿ," ಎಂದು ಅವರ ತೋಳು ಒತ್ತಿ ಅಡುಗೆಮನೆಗೆ ಹೋದಳು.

ಕೈಯೆಲ್ಲ ಗ್ರೀಸು. ಅಂಗೈಗೆ ಒಂದು ಚಮಚ ಸಕ್ಕರೆ, ಎರಡು ಹನಿ ಎಣ್ಣೆ ಹಾಕಿ ಉಜ್ಜಿಕೊಂಡಳು. ಇದೂ ಭಾನುವಾರ ಅವಳು ಹೇಳಿಕೊಡುವ ಪಾಠ, ಅಂಗಡಿಯ ದುಬಾರಿ ಸೋಪು ಬೇಡ. ಕಪ್ಪು ಬಿಟ್ಟುಕೊಂಡಿತು. ನಲ್ಲಿ ತಿರುಗಿಸಿ ತೊಳೆದುಕೊಂಡಳು. ನಿಲ್ಲಿಸಿದಳು.

ಸದ್ದು ನಿಂತಿತು.

ಅವಳು ಟವೆಲ್ಲಿಗೆ ಚಾಚಿದ್ದ ಕೈ ಹಾಗೆಯೇ ನಿಂತಿತು. ಎರಡು ತಿಂಗಳಿಂದ ನಿಲ್ಲಿಸಿದ ಮೇಲೂ ಟಪ್ ಟಪ್ ಎನ್ನುತ್ತಿದ್ದ ನಲ್ಲಿ ಇದು. ಕೆಳಗೆ ಒಂದು ಬಟ್ಟಲು ಇಟ್ಟಿರುತ್ತಿದ್ದರು. ಈಗ ಬಟ್ಟಲೂ ಇಲ್ಲ, ಹನಿಯೂ ಇಲ್ಲ.

"ಅತ್ತೆ, ನಲ್ಲಿ ಯಾರು ರಿಪೇರಿ ಮಾಡಿದ್ದು?"

"ನಿನ್ನ ತಮ್ಮ," ಅತ್ತೆ ಹೊರಗಿನಿಂದಲೇ ಹೇಳಿದರು. ದನಿ ಹಗುರವಾಗಿತ್ತು. "ಮಂಗಳವಾರ ಸಂಜೆ. ನಿನ್ನ ಪೆಟ್ಟಿಗೆಗೆ ಬೀಗ ಇತ್ತಲ್ಲ, ಗುಜರಿಯಿಂದ ಅದೆಂಥದೋ ಸ್ಪ್ಯಾನರ್ ತಂದಿದ್ದ. ಅಕ್ಕನಿಗೆ ಗೊತ್ತಾಗದ ಹಾಗೆ ಮಾಡಿ ಖುಷಿಪಡಿಸ್ತೀನಿ ಅಂದ."

ಮಂಗಳವಾರ ಸಂಜೆ. ಕಾರು ಗುದ್ದಿದ್ದು ಬುಧವಾರ ಬೆಳಗಿನ ಜಾವ.

ನೋಡಬಾರದು ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ. ಕನ್ನಡಕದ ಡಬ್ಬಿ ತೆರೆದು ಭೂತಗನ್ನಡಿ ತೆಗೆದು, ನಲ್ಲಿಯ ಕುತ್ತಿಗೆಯ ಹಿತ್ತಾಳೆ ನಟ್ಟಿನ ಮೇಲೆ ಹಿಡಿಯಿತು.

ಮೂಲೆಯ ಮೇಲೆ ಎರಡು ಗೀರು. ಪಕ್ಕಪಕ್ಕದಲ್ಲಿ. ರೈಲು ಹಳಿಯ ಹಾಗೆ.

ಅವಳು ತಿರುಗಿದಾಗ ಏಣಿ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಅವಳ ಕೈಯಲ್ಲಿದ್ದ ಭೂತಗನ್ನಡಿ ನೋಡಿದ. ನಲ್ಲಿ ನೋಡಿದ. ಒಳಗೆ ಬಂದು ನಲ್ಲಿಯ ಕಡೆಯ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ, ಏಳು ವರ್ಷದವನಾಗಿದ್ದಾಗ ಕೂರುತ್ತಿದ್ದ ಹಾಗೆ, ಮೊಣಕಾಲು ಅಪ್ಪಿಕೊಂಡು.

"ಅದಕ್ಕೇ ಬಿಟ್ಟುಬಿಡು ಅಂದಿದ್ದು ಅಕ್ಕ."

"ನೀನಾ?" ಅವಳಿಗೆ ತನ್ನ ದನಿ ತನ್ನದೆನಿಸಲಿಲ್ಲ. "ನಾನು ಬಿಗಿದದ್ದನ್ನ ನೀನು ಬಿಚ್ಚಿದೆಯಾ?"

"ಅವತ್ತು ಆ ಗಾಡಿ ಮನೆಯಿಂದ ಹೊರಗೆ ಹೋಗಬಾರದಿತ್ತು. ಯಾಕೆ ಅಂತ ಕೇಳಬೇಡ, ಈಗ ಬೇಡ. ನನ್ನ ಹತ್ರ ಇದ್ದಿದ್ದು ಒಂದು ಕೀ. ಇನ್ನೊಂದು ನೀನು ಈ ಮೊಳೆಗೆ ನೇತುಹಾಕ್ತೀಯಲ್ಲ, ಅದು ಆಗಲೇ ಇಲ್ಲಿ ಇರಲಿಲ್ಲ. ಪೆಡಲ್ ನೆಲಕ್ಕೆ ಹೋದ್ರೆ ಯಾರೂ ಗಾಡಿ ತೆಗೆಯಲ್ಲ ಅಂದುಕೊಂಡೆ. ಗಾಡಿ ಗೊತ್ತಿರೋರು ಯಾರಾದ್ರೂ ಮೊದಲ ಸಲ ಒತ್ತಿದಾಗಲೇ ಇಳಿದುಬಿಡ್ತಾರೆ."

"ಗೊತ್ತಿದ್ದೂ ನೀನು ಅದನ್ನ ಇಳಿಜಾರಿಗೆ ತಗೊಂಡು ಹೋದೆಯಾ?"

ಅವನು ತಲೆಯೆತ್ತಿದ.

"ನಾನು ತಗೊಂಡು ಹೋಗಲಿಲ್ಲ ಅಕ್ಕ. ಸದ್ದು ಕೇಳಿ ನಾನು ಓಡಿಹೋದೆ. ಜನ ಬರೋ ಹೊತ್ತಿಗೆ ಗಾಡಿ ಪಕ್ಕ ನಾನೊಬ್ಬನೇ ನಿಂತಿದ್ದೆ, ಅಷ್ಟೆ."

ತಪಾಸಣೆ ಅಂಗಳ ಅವಳ ಕಣ್ಣ ಮುಂದೆ ಬಂತು. ಎರಡು ದಿನ ಯಾರೂ ತೆರೆಯದ ಬಾಗಿಲು. ಹರಿದ ಸೀಲಿನ ಕಾಗದ. ತಾನು ಜಾರಿಕೊಂಡು ಕೂತ ಸೀಟು. ಅದನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಗಿ ಬಂದಿರಲಿಲ್ಲ. ಈ ಉದ್ದದವನು ಓಡಿಸಿದ ಗಾಡಿಯಾಗಿದ್ದರೆ ತನ್ನ ಕಾಲು ಪೆಡಲಿನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಬೋಲ್ಟಿನ ಆರು ಮೂಲೆಗಳನ್ನೂ ನೋಡಿದವಳು ತಾನು ಕೂತ ಸೀಟನ್ನು ನೋಡಿರಲಿಲ್ಲ.

ಓಡಿಸಿದವರು ತನ್ನಷ್ಟೇ ಎತ್ತರದವರು.

"ಯಾರು?" ಎಂದಳು ಅವಳು.

ಏಣಿ ಅವಳನ್ನು ನೋಡುತ್ತಿರಲಿಲ್ಲ. ಅವನ ನೋಟ ಅವಳ ಪಕ್ಕದಿಂದ ಹಾದು, ಬಾಗಿಲ ಕಡೆ ಹೋಗಿ ನಿಂತಿತ್ತು.

ಅಲ್ಲಿ, ಹೊಸ್ತಿಲ ಆಚೆ, ಅತ್ತೆ ಪಟ್ಟಿ ಸುತ್ತಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡರು.